ದೇವರ ಪೆಟ್ಟಿಗೆಯಲ್ಲಿ ಎರಡು ಬಿಳಿ ಸೀರೆ

ಗುಡೇಕೋಟೆಯಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಬಾಗಿಲು ದಾಟಿದರೆ ಎಡಕ್ಕೆ ಒಲೆ, ಬಲಕ್ಕೆ ಜೋಳದ ಗಡಿಗೆಗಳ ಸಾಲು, ನಡುವೆ ಉಳಿದದ್ದು ಮಲಗುವ ಜಾಗ. ಬಟ್ಟೆ ಇಡುವುದಕ್ಕೆಂದು ಬೇರೆ ಸ್ಥಳವಿರಲಿಲ್ಲ. ಜಂತೆಗೆ ಎರಡು ಹಗ್ಗ ಬಿಗಿದು ಒಂದು ಬಿದಿರ ಗಳ ತೂಗುಹಾಕಿದ್ದೆವು. ದಿನಾ ಉಡುವುದೆಲ್ಲ ಅದರ ಮೇಲೆ. ಒಲೆಯ ಕಡೆಗೆ ನನ್ನವು, ನಡುವೆ ಮಗಳವು, ಬಾಗಿಲ ಕಡೆಗೆ ಯಜಮಾನರ ಧೋತರ. ಹಬ್ಬಕ್ಕೆ ಉಡುವುದನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ ತಲೆದಿಂಬು ಮಾಡಿಕೊಳ್ಳುತ್ತಿದ್ದೆವು. ಹಿಂದೆ ಒಂದು ತಗಡಿನ ಟ್ರಂಕು ಇತ್ತು. ಹಿರಿಯ ಮಗಳು ಕನಕಮ್ಮನನ್ನು ಉಚ್ಚಂಗಿದುರ್ಗಕ್ಕೆ ಕೊಟ್ಟಾಗ ಅದು ಅವಳ ಸಂಗಡ ಹೋಯಿತು. ಮದುಮಗಳು ಗಂಟು ಹೊತ್ತು ಗಂಡನ ಮನೆಗೆ ಹೋಗುವುದು ಚೆನ್ನಾಗಿ ಕಾಣುವುದಿಲ್ಲ.

ಎಪ್ಪತ್ತೆಂಟನೆಯ ಇಸವಿಯ ಆಷಾಢದಲ್ಲಿ ಕಿರಿಯವಳು ಹಂಪಮ್ಮನಿಗೆ ಬಳ್ಳಾರಿಯಿಂದ ಕಾಗದ ಬಂತು. ಹತ್ತನೆಯದು ಪಾಸು ಮಾಡಿದ ಮೇಲೆ ಅವಳು ದಾದಿಯ ತರಬೇತಿಗೆ ಅರ್ಜಿ ಹಾಕಿದ್ದಳು. ಆಯ್ಕೆಯಾಗಿತ್ತು. ಹದಿನಾಲ್ಕನೆಯ ತಾರೀಖು ಸೋಮವಾರ ಹಾಜರಾಗಬೇಕು, ಎರಡು ಬಿಳಿ ಸೀರೆ, ಚಾಪೆ, ತಟ್ಟೆ, ಲೋಟ ತರಬೇಕು, ಅಂದು ಬಾರದವರ ಜಾಗವನ್ನು ಮತ್ತೊಬ್ಬರಿಗೆ ಕೊಡಲಾಗುವುದು ಎಂದು ಅದರಲ್ಲಿತ್ತು. ಅವಳು ಮೂರು ಸಲ ಓದಿ ಹೇಳಿದಳು. ಮೂರು ಸಲವೂ ಅವರಪ್ಪನ ಕಿವಿಗೆ ಬಿದ್ದದ್ದು ಬಿಳಿ ಸೀರೆ ಒಂದೇ.

"ತಾಳಿ ಕಟ್ಟದ ಹುಡುಗಿಗೆ ಬಿಳಿ ಸೀರಿ ಉಡಸ್ತಾರೇನು?" ಅಂದರು.

"ದವಾಖಾನಿಯಾಗ ಎಲ್ಲಾರೂ ಅದನ್ನ ಉಡತಾರಪ್ಪ. ಹೊಲಸು ಬಿದ್ರ ಕಾಣಲಿ ಅಂತ."

"ನಮ್ಮ ಮನ್ಯಾಗ ಬಿಳಿ ಉಟ್ಟಾಕಿ ನಮ್ಮವ್ವ ಒಬ್ಬಾಕಿ. ಅದೂ ನಮ್ಮಪ್ಪ ಹೋದಮ್ಯಾಲೆ."

"ಹಂಗಾರ ಬರದು ಕೇಳ್ತೀನಿ ತಡಿ. ನಮ್ಮಪ್ಪಗ ಬಿಳಿ ಬಣ್ಣ ಆಗಿಬರಂಗಿಲ್ಲ, ಹಸರು ಸೀರಿ ನಡೀತೈತೇನ್ರಿ ಅಂತ."

ಅವರು ನಕ್ಕರು. ಹುಲುಗಪ್ಪ ಅಂದರೆ ಊರಲ್ಲಿ ಸಿಡುಕಿನ ಮನುಷ್ಯ ಅಂತಲೇ ಹೆಸರು, ಆದರೆ ಹಂಪಮ್ಮನ ಮಾತಿಗೆ ನಗುತ್ತಿದ್ದರು. ಮುಂದಿನ ಸಂತೆಗೆ ಕೂಡ್ಲಿಗಿಗೆ ಹೋಗಿ ಎರಡು ಬಿಳಿ ಸೀರೆ ತಂದರು. ತಂದು ನನ್ನ ಕೈಗೆ ಕೊಟ್ಟು, "ಇವನ್ನ ಕಣ್ಣಿಗೆ ಕಾಣದಂಗ ಇಡು" ಅಂದರು.

ಇಡುವುದು ಎಲ್ಲಿ?

ಮೊದಲನೆಯ ದಿನ ಗಳದ ಮೇಲೆ ಹಾಕಿದೆ. ಬೆಳಗಾಗುವಷ್ಟರಲ್ಲಿ ಜಂತೆಯಿಂದ ಮಸಿ ಉದುರಿ ಎರಡರ ಮೇಲೂ ಕಪ್ಪು ಚುಕ್ಕೆ. ಬಣ್ಣದ ಸೀರೆಗಳ ಮೇಲೆ ಆ ಮಸಿ ಎಷ್ಟು ವರ್ಷದಿಂದ ಬೀಳುತ್ತಿತ್ತೋ, ನಮಗೆ ಕಂಡಿರಲೇ ಇಲ್ಲ. ಒಗೆದು, ಗಂಜಿ ಹಾಕಿ, ಒಣಗಿಸಿ ಜೋಳ ಖಾಲಿಯಾದ ಒಂದು ಗಡಿಗೆಯೊಳಗೆ ಬೇವಿನ ಸೊಪ್ಪಿನ ನಡುವೆ ಇಟ್ಟೆ. ಗಂಜಿಯ ವಾಸನೆಗೆ ಇಲಿ ಬಂತು. ಮುಚ್ಚಳ ಸರಿಸಿ ಒಂದರ ಸೆರಗಿನ ಮೂಲೆ ಕಡಿದಿತ್ತು. ಹಂಪಮ್ಮ ಕೂತು ಎಳೆಗೆ ಎಳೆ ಸೇರಿಸಿ ಹೊಲಿದಳು. ಗಂಟು ಕಟ್ಟಿ ತಲೆದಿಂಬು ಮಾಡೋಣವೆಂದರೆ ತಲೆಯ ಎಣ್ಣೆ ಇಳಿಯುತ್ತದೆ. ಬಿಳಿ ಬಟ್ಟೆ ಮನೆಗೆ ಬಂದ ಮೇಲೆಯೇ ನನಗೆ ಗೊತ್ತಾದದ್ದು, ನಮ್ಮ ಮನೆಯಲ್ಲಿ ಶುಭ್ರವಾದ ಒಂದು ಗೇಣು ಜಾಗವೂ ಇರಲಿಲ್ಲವೆಂದು.

ಪಕ್ಕದ ಮನೆಯ ಅಜೀಜಬಿ ಹಿತ್ತಲ ಗೋಡೆಯ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಅವಳ ಗಂಡ ಹಸನ್ ಸಾಬ್ ದರ್ಜಿ. ಅವರ ಮನೆಯಲ್ಲಿ ಗಿರಾಕಿಗಳ ಬಟ್ಟೆ ಇಡುವ ದೊಡ್ಡ ಟ್ರಂಕು ಇತ್ತು.

"ಪಕ್ಕೀರಕ್ಕ, ನನ್ನ ಟ್ರಂಕಿನ್ಯಾಗ ಇಡಬಾರದಾ? ಊರ ಮಂದಿ ಬಟ್ಟಿ ಇರ್ತೈತಿ, ನಿನ್ನ ಮಗಳವು ಎರಡು ಹೆಚ್ಚೇನು?"

"ಇರಲಿ ಬಿಡವ್ವ. ಎಲ್ಲ್ಯಾರ ಇಡತೀನಿ."

"ಎಲ್ಲ್ಯಾರ ಅಂದ್ರ ಎಲ್ಲಿ? ಇಲಿಗೆ ಕೇಳಿ ಇಡತೀಯೇನು?"

ನಾನು ಒಪ್ಪಲಿಲ್ಲ. ನೌಕರಿಗೆ ಹೋಗುವ ಮಗಳ ಎರಡು ಸೀರೆಗೆ ತಾಯಿಯ ಮನೆಯಲ್ಲಿ ಜಾಗ ಸಿಗಲಿಲ್ಲ ಅನ್ನುವ ಮಾತು ಬರಬಾರದು ಅಂತ ನನ್ನ ಬಿಗುಮಾನ. ಈಗ ಯೋಚಿಸಿದರೆ, ಅಷ್ಟು ಮಾತು ಬಂದಿದ್ದರೆ ಏನು ಕೆಡುತ್ತಿತ್ತು?

ನಮ್ಮ ಮನೆಯಲ್ಲಿ ಗಟ್ಟಿ ಮುಚ್ಚಳವಿದ್ದ ಪೆಟ್ಟಿಗೆ ಇದ್ದದ್ದು ಒಂದೇ. ಅದು ನಮ್ಮದಲ್ಲ, ದೇವರದು. ನಮ್ಮ ಮನೆದೇವರು ಗುಡ್ಡದವ್ವ. ಅವಳಿಗೆ ಹರಕೆ ಬಂದ ಸೀರೆ, ಕುಪ್ಪಸ, ಬೆಳ್ಳಿಯ ಕಣ್ಣು ಎಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಪೆಟ್ಟಿಗೆ ಒಂದು ವರ್ಷ ನಮ್ಮ ಮನೆಯಲ್ಲಿ, ಒಂದು ವರ್ಷ ಯಜಮಾನರ ಅಣ್ಣ ಓಬಳೇಶಪ್ಪನವರ ಮನೆಯಲ್ಲಿ. ಆ ವರ್ಷ ನಮ್ಮ ಸರದಿ. ಮೂಲೆಯಲ್ಲಿ ಕಲ್ಲು ಜೋಡಿಸಿ ಅದರ ಮೇಲೆ ಇಟ್ಟಿದ್ದೆವು. ಇಲಿ ಅತ್ತ ಹೋಗುತ್ತಿರಲಿಲ್ಲ. ಗೆದ್ದಲೂ ಮುಟ್ಟಿರಲಿಲ್ಲ.

ಪೆಟ್ಟಿಗೆಯೊಳಗೆ ಹೋದ ಬಟ್ಟೆ ಅವ್ವನದು, ಮತ್ತೆ ಮನುಷ್ಯರು ಉಡಬಾರದು. ಇದು ನಮ್ಮ ಎರಡು ಮನೆಗಳ ರೂಢಿ. ನನಗೆ ಗೊತ್ತಿರಲಿಲ್ಲ ಅಂತಲ್ಲ. ಆದರೆ ಅದು ಹರಕೆಯ ಬಟ್ಟೆಯ ಮಾತು ಅಂದುಕೊಂಡೆ. ಅರಿಸಿನ ಕುಂಕುಮ ಹಚ್ಚಿ, ಕೈ ಮುಗಿದು ಒಪ್ಪಿಸಿದರಲ್ಲವೇ ಅದು ಅವಳದಾಗುವುದು? ನಾನು ಒಪ್ಪಿಸುವುದಿಲ್ಲ, ಇಟ್ಟಿರುತ್ತೇನೆ ಅಷ್ಟೆ. ಮಂಗಳವಾರ ತಲೆಗೆ ನೀರು ಹಾಕಿಕೊಂಡು, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಮುಚ್ಚಳ ತೆಗೆದೆ. "ಇದು ಹರಕಿ ಅಲ್ಲವ್ವ, ಇಟ್ಟಿರ್ತೀನಿ. ಹದಿಮೂರು ದಿನ ಕಾದು ಕೊಡು" ಎಂದು ಬಾಯಿಬಿಟ್ಟು ಹೇಳಿ ಎರಡು ಸೀರೆಗಳನ್ನು ಎಲ್ಲದರ ಅಡಿಗೆ ಸರಿಸಿದೆ.

ಲೆಕ್ಕ ಹಾಕಿಯೇ ಇಟ್ಟಿದ್ದೆ. ಹಿರಿಯವಳು ಕನಕಮ್ಮ ಬಾಣಂತನಕ್ಕೆ ಬಂದಿದ್ದಳು. ಎಂಟನೆಯ ತಿಂಗಳು. ಪೆಟ್ಟಿಗೆ ಇರುವ ಸೂರಿನಡಿ ಹೆರಿಗೆ ಆಗಬಾರದು. ಆದ್ದರಿಂದ ಹುಣ್ಣಿಮೆ ಕಳೆದ ಮಂಗಳವಾರ ಪೆಟ್ಟಿಗೆಯನ್ನು ಭಾವನವರ ಮನೆಗೆ ಸಾಗಿಸುವುದೆಂದು ಗಂಡಸರು ಮಾತಾಡಿಕೊಂಡಿದ್ದರು. ಹಂಪಮ್ಮ ಹೊರಡುವುದು ಅದಕ್ಕೆ ಒಂದು ವಾರ ಮೊದಲು. ಭಾನುವಾರ ಸೀರೆ ತೆಗೆದು ಅವಳ ಕೈಗೆ ಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಸೀರೆ ಇಟ್ಟ ಎಂಟನೆಯ ದಿನ, ಬುಧವಾರವೇ, ಕನಕಮ್ಮನಿಗೆ ನೋವು ಬಂತು. ನೀರಿನ ಕೊಡ ಇಳಿಸುತ್ತಿದ್ದವಳು ಗೋಡೆ ಹಿಡಿದು ಕೂತಳು. ಹಂಪಮ್ಮ ಸೂಲಗಿತ್ತಿಯನ್ನು ಕರೆಯಲು ಓಡಿದಳು. ನಾನು ಕನಕಿಯ ಬೆನ್ನಿಗೆ ಬೆನ್ನು ಕೊಟ್ಟು ಕೂತೆ. ಅವಳು ನನ್ನ ಎರಡೂ ಮುಂಗೈ ಹಿಡಿದುಕೊಂಡಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಭಾವ ಓಬಳೇಶಪ್ಪನವರ ದನಿ ಕೇಳಿಸಿತು.

"ಲೇ ಹುಲುಗ, ಪೆಟಿಗಿ ಎತ್ತಲೇ. ಕೂಸು ಭೂಮಿಗೆ ಬೀಳೂದ್ರಾಗ ಹೊರಗ ಹೋಗಬೇಕು."

ಇಬ್ಬರೂ ಒಳಗೆ ಬಂದು ಮುಖ ಆಚೆ ತಿರುಗಿಸಿಕೊಂಡೇ ಪೆಟ್ಟಿಗೆ ಎತ್ತಿದರು. ನಾನು ಬಾಯಿ ತೆರೆದೆ. ಏನಂತ ಹೇಳುವುದು? ಕನಕಿ ಕೂಗಿಕೊಳ್ಳುತ್ತಿದ್ದಳು. "ತಡೀರಿ" ಅಂದೆ. ಯಜಮಾನರು ನನ್ನನ್ನು ನೋಡಿದರು, ಹೆರಿಗೆಗೆ ಹೆದರಿ ಅನ್ನುತ್ತಿದ್ದಾಳೆ ಅಂದುಕೊಂಡರೋ ಏನೋ, "ಬಂದೆ, ಬಂದೆ" ಎಂದು ಹೊರಟೇ ಹೋದರು. ನನ್ನ ಮುಂಗೈಯನ್ನು ಕನಕಿ ಬಿಡಲಿಲ್ಲ.

ಕೂಸು ಹುಟ್ಟಿತು. ಗಂಡು. ಒಂದು ಅಂಗೈ ಮೇಲೆ ಮಲಗಿಸಬಹುದು, ಅಷ್ಟೇ ಇತ್ತು. ಅತ್ತಿತೋ ಇಲ್ಲವೋ ಅನ್ನುವ ಹಾಗೆ ಅತ್ತಿತು. ಸೂಲಗಿತ್ತಿ ನನ್ನ ಮುಖ ನೋಡಿ, ಹೊಕ್ಕಳು ಕಟ್ಟಿದಳು. ಹಂಪಮ್ಮ ಹಸನ್ ಸಾಬರ ಅಂಗಡಿಯಿಂದ ಹತ್ತಿ ತಂದು ಕೂಸಿಗೆ ಸುತ್ತಿದಳು. ಎರಡು ತಂಬಿಗೆಯಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಅದರ ಎರಡೂ ಮಗ್ಗುಲಿಗೆ ಇಟ್ಟಳು. ಹಾಲು ಚೀಪುವ ಶಕ್ತಿ ಅದಕ್ಕೆ ಇರಲಿಲ್ಲ. ಕನಕಿಯ ಹಾಲನ್ನು ಹಿಂಡಿಸಿ, ಬತ್ತಿಯಲ್ಲಿ ಅದ್ದಿ ತುಟಿಗೆ ಇಟ್ಟಳು. ಇದನ್ನೆಲ್ಲ ಅವಳಿಗೆ ಯಾರು ಹೇಳಿಕೊಟ್ಟಿದ್ದರೋ ತಿಳಿಯದು.

ಅಂದಿನಿಂದ ಹನ್ನೊಂದು ದಿನ ನಮ್ಮ ಮನೆಗೆ ಪುರುಡು. ಮೈಲಿಗೆ ಕಳೆಯುವ ತನಕ ನಾವು ಯಾರೂ ಭಾವನ ಮನೆಯ ಹೊಸ್ತಿಲು ತುಳಿಯುವಂತಿಲ್ಲ, ಪೆಟ್ಟಿಗೆ ಮುಟ್ಟುವಂತಿಲ್ಲ. ಸೋಮವಾರಕ್ಕೆ ಉಳಿದದ್ದು ಐದು ದಿನ.

ಮಾರನೆಯ ದಿನ ನಾನು ಬಾವಿಯ ಹಾದಿಯಲ್ಲಿ ಅಂಜಿನಕ್ಕನನ್ನು ಕಾದು ನಿಂತೆ. ಅಂಜಿನಕ್ಕ ಭಾವನ ಹೆಂಡತಿ, ನನ್ನ ಓರಗಿತ್ತಿ. ಅವಳ ಕೊಡಕ್ಕೆ ನನ್ನ ನೆರಳು ತಾಕದಷ್ಟು ದೂರದಲ್ಲೇ ನಿಂತು, ಇದ್ದದ್ದು ಇದ್ದ ಹಾಗೆ ಹೇಳಿದೆ. ಯಾರಿಗೂ ಕಾಣದಂತೆ ಎರಡು ಸೀರೆ ತೆಗೆದು ಹಂಪಮ್ಮನ ಕಡೆ ಎಸೆದುಬಿಡು ಅಂತ ಬೇಡಿಕೊಂಡೆ.

ಅಂಜಿನಕ್ಕ ಕೊಡ ಕೆಳಗಿಟ್ಟಳು.

"ಅವು ನಿಮ್ಮವಾ? ನಿನ್ನೆ ಸಂಜಿಗೆ ಪೆಟಿಗಿ ತೆಗದಾರ. ಹೊಸ ಜಾಗಕ್ಕ ಬಂದಳಲ್ಲ, ಅವ್ವಗ ಸೀರಿ ಬದಲಿ ಮಾಡಬೇಕಂತ. ಕೈ ಹಾಕಿದ್ರ ಬಿಳಿದು ಬಂತು. ನಿಮ್ಮ ಭಾವ ಇನ್ನೂ ಉಂಡಿಲ್ಲ."

"ಒಪ್ಪಿಸಿಲ್ಲಕ್ಕ. ಸುಮ್ಮನ ಇಟ್ಟಿದ್ದೆ."

"ನಿನ್ನ ಮಗಳ ಸೀರಿಗೆ ಅವ್ವ ಕಾವಲು ಕೂಡಬೇಕಾ? ಬಿಳಿದು ಪಕ್ಕೀರಿ, ಬಿಳಿದು. ಮುತ್ತೈದಿ ದೇವರ ಮಡಿಲಾಗ. ಹೆಣ್ಣಾಗಿ ನಿನಗ ತಿಳೀಬಾರದಾ?"

"ತಪ್ಪಾತು. ತಗದು ಕೊಡು."

"ತಗದಾಕಿ ಕೈ ಏನಾದೀತು? ನನಗೂ ಮೊಮ್ಮಕ್ಕಳು ಅದಾವ."

ಅವಳು ಕೊಡ ಎತ್ತಿಕೊಂಡು ಹೋದಳು. ಕೆಟ್ಟವಳಲ್ಲ ಅವಳು. ಕನಕಿಗೆ ಅಂತ ಬೆಳ್ಳುಳ್ಳಿ, ಬೆಲ್ಲ ಕಳಿಸಿದ್ದವಳು ಅವಳೇ.

ಶುಕ್ರವಾರ ಭಾವ ನಮ್ಮ ಬಾಗಿಲಿಗೆ ಬಂದು ಅಂಗಳದಲ್ಲೇ ನಿಂತರು. ಯಜಮಾನರು ಹೊರಗೆ ಹೋದರು. ನಾನು ಒಳಗೇ ನಿಂತು ಕೇಳಿದೆ.

"ಕೂಸು ಹ್ಯಾಂಗೈತಿ?"

"ಐತಿ" ಅಂದರು ಇವರು.

"ಎಂಟಕ್ಕ ಯಾಕ ಬಂತು ಅಂತ ಈಗರ ತಿಳೀತಾ? ನೀನು ತಂದಿ ಬಿಳಿ ಸೀರಿ, ನಿನ್ನ ಹೇಣ್ತಿ ಇಟ್ಟಳು ಅವ್ವನ ಪೆಟಿಗಿಯಾಗ. ಎಂಟು ದಿನಕ್ಕ ನೋವು ಬಂತು. ಇನ್ನ ಅದನ್ನ ತಗದು ಹುಡುಗಿಗೆ ಉಡಿಸಿ ಬಳ್ಳಾರಿಗೆ ಕಳಸ್ತೀರಿ. ಕಳಸ್ರಿ. ಕೂಸಿನ ಆಸೆ ಬಿಟ್ಟು ಕಳಸ್ರಿ."

ಇವರು ಒಳಗೆ ಬಂದು ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಅದರ ಎದೆ ಹತ್ತಿಯೊಳಗೆ ಏರುತ್ತಿತ್ತು, ಇಳಿಯುತ್ತಿತ್ತು. ಬಹಳ ಹೊತ್ತು ನೋಡಿ ನನ್ನ ಕಡೆ ತಿರುಗಿದರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ.

"ಕಣ್ಣಿಗೆ ಕಾಣದಂಗ ಇಡು ಅಂದಿದ್ದೆ" ಅಂದರು. "ಅದರಾಗ ಇಡು ಅಂದಿದ್ನೇನು?"

ಹಂಪಮ್ಮ ತಂಬಿಗೆಯ ನೀರು ಬದಲಿಸುತ್ತಿದ್ದಳು. "ಅಪ್ಪ, ಎಂಟು ತಿಂಗಳಿಗೆ ಹುಟ್ಟೂದು ಎಲ್ಲಾ ಕಡಿಗೂ ಐತಿ. ಪುಸ್ತಕದಾಗ ಐತಿ. ಅಕ್ಕ ಆ ದಿನ ಎಷ್ಟು ಕೊಡ ನೀರು ತಂದಿದ್ದಳು ಕೇಳು" ಅಂದಳು.

"ಪುಸ್ತಕ ಬರದವರು ನಮ್ಮ ಅವ್ವನ್ನ ನೋಡ್ಯಾರೇನು?"

ಅವಳು ಅದಕ್ಕೂ ನಗಿಸುವ ಒಂದು ಉತ್ತರ ಕೊಡುತ್ತಾಳೆಂದು ಕಾದೆ. ಅವಳು ತಂಬಿಗೆಗೆ ಬಟ್ಟೆ ಸುತ್ತಿ ಕೂಸಿನ ಮಗ್ಗುಲಿಗೆ ಇಟ್ಟಳು.

ಶನಿವಾರ ಅಜೀಜಬಿ ಗೋಡೆಯ ಮೇಲಿಂದ ಒಂದು ಗಂಟು ದಾಟಿಸಿದಳು. ಬಿಚ್ಚಿ ನೋಡಿದರೆ ಎರಡು ಬಿಳಿ ಸೀರೆ. ಹಸನ್ ಸಾಬರು ಅಂಗಡಿಯಲ್ಲಿದ್ದ ಪಂಚೆಯ ಬಟ್ಟೆಯನ್ನು ಜೋಡಿಸಿ, ಅಂಚು ಮಡಿಸಿ, ಹೊಲಿಗೆ ಕಾಣದ ಹಾಗೆ ಹೊಲಿದಿದ್ದರು.

"ಇವು ಯಾವ ದೇವರ ಪೆಟಿಗಿಯಾಗೂ ಹೋಗಿಲ್ಲಕ್ಕ" ಅಂದಳು ಅಜೀಜಬಿ. "ಮಿಷಿನ್ನಿಂದ ನೇರ ಇಲ್ಲಿಗೆ ಬಂದಾವು. ಇಲಿಗೂ ಹೇಳಿಲ್ಲ."

ನನಗೆ ಅವಳ ಕಾಲು ಹಿಡಿಯಬೇಕು ಅನ್ನಿಸಿತು. ನಡುವೆ ಗೋಡೆ ಇತ್ತು. ಬಟ್ಟೆ ಎದೆಗೆ ಒತ್ತಿಕೊಂಡು ಒಳಗೆ ಹೋದೆ. ಇನ್ನೇನು ಅಡ್ಡಿ? ಪೆಟ್ಟಿಗೆಯಲ್ಲಿರುವುದು ಪೆಟ್ಟಿಗೆಯಲ್ಲೇ ಇರಲಿ, ಮಗಳು ಇವನ್ನು ಉಟ್ಟು ಹೋಗುತ್ತಾಳೆ ಅಂತ ಯಜಮಾನರಿಗೆ ಹೇಳಿದೆ.

ಅವರು ಬಟ್ಟೆಯ ಕಡೆ ನೋಡಲೇ ಇಲ್ಲ. "ಅವ್ವ ಬಿಳಿದನ್ನ ತಗೊಂಡು ಇಟಗೊಂಡಾಳ. ಬ್ಯಾಡ ಅಂತ ಹೇಳಿದ್ದು ಅದು. ಮತ್ತ ಬಿಳಿದನ್ನ ತಂದು ಮನ್ಯಾಗ ಇಡತೀಯಲ್ಲ, ನೀನು ಮನುಷ್ಯಾಳೇನು?" ಅಂದರು.

ಭಾನುವಾರ ಕೂಸು ನೀಲಿಗಟ್ಟಿತು. ಮಧ್ಯಾಹ್ನದ ಹೊತ್ತು. ಉಸಿರು ನಿಂತೇ ಹೋಯಿತೆಂದು ಕನಕಿ ತಲೆ ಗೋಡೆಗೆ ಬಡಿದುಕೊಂಡಳು. ಹಂಪಮ್ಮ ಅದನ್ನು ಎತ್ತಿ, ಅಂಗಾಲಿಗೆ ಬೆರಳಿನಿಂದ ತಟ್ಟಿ, ಬೆನ್ನು ತೀಡಿ, ಮೂಗಿನ ಸಿಂಬಳ ತೆಗೆದಳು. ಉಸಿರು ಬಂತು. ಅಲ್ಲಿಂದ ಮುಂದೆ ಅವಳು ಅದನ್ನು ಕೆಳಗಿಡಲಿಲ್ಲ. ತನ್ನ ಕುಪ್ಪಸದೊಳಗೆ, ಮೈಗೆ ಮೈ ತಾಗುವ ಹಾಗೆ ಸೇರಿಸಿಕೊಂಡು ಕೂತುಬಿಟ್ಟಳು.

ಸೋಮವಾರ ಬಳ್ಳಾರಿಗೆ ಹತ್ತು ಗಂಟೆಗೆ ಮುಟ್ಟಬೇಕಾದರೆ ನಸುಕಿನಲ್ಲೇ ಕೂಡ್ಲಿಗಿಯಿಂದ ಬಂದು ಹಿಂದಿರುಗುವ ಮೊದಲನೆಯ ಬಸ್ಸು ಹತ್ತಬೇಕು. ಯಜಮಾನರು ಹೊಲಕ್ಕೆಂದು ಎದ್ದು ಹೋಗಿದ್ದರು. ಆ ಹೊತ್ತಿಗೆ ಹೊಲದಲ್ಲಿ ಏನೂ ಕೆಲಸವಿರಲಿಲ್ಲ. ಇರಲಾರದೆ ಹೋಗಿದ್ದರು, ಅಷ್ಟು ನನಗೆ ತಿಳಿಯುತ್ತದೆ. ನಾನು ಅಜೀಜಬಿ ಕೊಟ್ಟ ಸೀರೆಗಳನ್ನು, ಚಾಪೆ, ತಟ್ಟೆ, ಲೋಟವನ್ನು ಒಂದು ಗಂಟು ಕಟ್ಟಿ ಹಂಪಮ್ಮನ ಮುಂದೆ ಇಟ್ಟೆ.

"ಏಳು" ಅಂದೆ. "ಕೂಸನ್ನ ಇಲ್ಲಿ ಕೊಡು. ನಿಮ್ಮಪ್ಪ ಬಂದಮ್ಯಾಲೆ ಏನು ಬೇಕಾದ್ದು ಅನಲಿ. ನಾನು ತಡಕೊಂತೀನಿ."

ಅವಳು ಏಳಲಿಲ್ಲ. ಕನಕಿ ನಿದ್ದೆ ಹೋಗಿದ್ದಳು, ಅಥವಾ ಹೋದಂತೆ ಇದ್ದಳು.

"ಏಳವ್ವ ಹಂಪಿ. ಬಸ್ಸು ಬರೂ ಹೊತ್ತಾತು."

"ಯವ್ವಾ, ಒಂದು ಕೇಳತೀನಿ, ಹೇಳು."

"ಕೇಳು."

"ಅದೆಲ್ಲ ಸುಳ್ಳು ಅಂತ ನನಗ ಗೊತ್ತೈತಿ. ಸೀರಿಗೂ ಕೂಸಿಗೂ ಸಂಬಂಧ ಇಲ್ಲ. ಆದ್ರ ನಾನು ಹೋಗ್ತೀನಿ, ಸಂಜಿಗೆ ಇದು ಹೋತು ಅನ್ನು. ಅಕ್ಕ ನನ್ನ ಮಾರಿ ನೋಡ್ಯಾಳೇನು? ಅಪ್ಪ ನೋಡ್ಯಾನೇನು?"

"ಏನೂ ಆಗಂಗಿಲ್ಲ."

"ನೀನು ಹಂಗ ಅಂತೀಯೇನು? ಗುಡ್ಡದವ್ವನ ಆಣಿ ಮಾಡಿ ಹೇಳು. ಏನೂ ಆಗಂಗಿಲ್ಲ ಅಂತ. ನೀನು ಆಣಿ ಮಾಡಿದ್ರ ಈಗ ಎದ್ದು ಹೋಗ್ತೀನಿ."

ಅವಳು ಹಟಕ್ಕೆ ಕೇಳಲಿಲ್ಲ. ಹೋಗಬೇಕೆಂದೇ ಕೇಳಿದಳು. ನನ್ನ ಒಂದು ಮಾತು ಸಾಕಾಗಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅವಳ ಕುಪ್ಪಸದೊಳಗಿಂದ ಕೂಸಿನ ನೆತ್ತಿ ಕಾಣುತ್ತಿತ್ತು. ಅದು ಮಿಡಿಯುತ್ತಿತ್ತು. ನಾನು ಆ ಮಂಗಳವಾರ ಮುಚ್ಚಳ ತೆಗೆದಾಗ ಒಳಗಿನಿಂದ ಬಂದ ಕರ್ಪೂರದ ವಾಸನೆ, ಎಲ್ಲದರ ಅಡಿಗೆ ಸೀರೆ ಸರಿಸುವಾಗ ನನ್ನ ಮೊಳಕೈಗೆ ತಾಗಿದ ಬೆಳ್ಳಿಯ ಕಣ್ಣು, ಎಲ್ಲ ಒಟ್ಟಿಗೆ ನೆನಪಾದವು. ಆಗಲೇ ನನಗೆ ಒಂದು ಗಳಿಗೆ ಮೈ ಜುಂ ಅಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಆಣೆ ಬಾಯಿಗೆ ಬರಲಿಲ್ಲ.

ದೂರದಲ್ಲಿ ಬಸ್ಸು ಏರು ಹತ್ತುವ ಸದ್ದು ಕೇಳಿತು. ಊರ ಮುಂದೆ ನಿಂತಿತು. ಯಾರೋ ಹತ್ತಿರಬೇಕು, ಯಾರೋ ಇಳಿದಿರಬೇಕು. ಹಂಪಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಬಸ್ಸು ಹೊರಟ ಮೇಲೆ ಕಣ್ಣು ಕೆಳಗೆ ಹಾಕಿ, "ತಂಬಿಗಿ ನೀರು ಆರಿರಬೇಕು ನೋಡು" ಅಂದಳು. ನಾನು ಎದ್ದು ನೀರು ಕಾಯಿಸಿದೆ.

ಕೂಸು ಉಳಿಯಿತು. ಮೂರನೆಯ ತಿಂಗಳಿಗೆ ಮೈ ತುಂಬಿಕೊಂಡು, ತಾಯಿಯ ದನಿಗಿಂತ ಹಂಪಮ್ಮನ ದನಿಗೆ ಹೆಚ್ಚು ತಿರುಗುತ್ತಿತ್ತು. ಅದು ಉಳಿದದ್ದೇ ನಮ್ಮ ಮನೆಯಲ್ಲಿ ಎಲ್ಲರ ಬಾಯಿ ಕಟ್ಟಿತು. ಭಾವ ಅದನ್ನು ಎತ್ತಿಕೊಂಡು, "ನೋಡಿದ್ಯೇನಲೇ ಹುಲುಗ, ಮಾತು ಕೇಳಿದ್ದಕ್ಕ" ಅಂದರು. ಇವರು ಹೌದು ಅಂದರು. ಕನಕಿ ತಂಗಿಯ ಕೈ ಹಿಡಿದು ಅತ್ತಳು. ಅದು ಹೋಗಿದ್ದರೆ ಒಂದು ಜಗಳವಾದರೂ ಆಡಬಹುದಿತ್ತು. ಉಳಿದ ಕೂಸಿನ ಎದುರಿಗೆ ಕೂತು, ನಿನ್ನಿಂದ ನನ್ನ ಮಗಳು ಕೆಟ್ಟಳು ಅಂತ ಯಾರು ಹೇಳುತ್ತಾರೆ?

ಮಾಘದಲ್ಲಿ ಹರಪನಹಳ್ಳಿಯ ಕಡೆಯಿಂದ ಹಂಪಮ್ಮನನ್ನು ನೋಡಲು ಬಂದರು. ಹುಡುಗಿ ಏನು ಕೆಲಸ ಬಲ್ಲಳು ಎಂದು ಅವರಲ್ಲಿ ಒಬ್ಬ ಹೆಂಗಸು ಕೇಳಿದಳು. ಯಜಮಾನರು, "ಕೂಸು ನೋಡಕೊಳ್ಳೂದ್ರಾಗ ಈಕಿನ್ನ ಮೀರಿಸೂರಿಲ್ರಿ" ಅಂದರು. ಹಂಪಮ್ಮ ತಲೆ ಎತ್ತದೆ ತಾಂಬೂಲದ ತಟ್ಟೆಯನ್ನು ಅವರ ಮುಂದೆ ಇಟ್ಟು ಒಳಗೆ ಹೋದಳು.